ಮುಂದಿನ ಸೀಟು

ಬೀಬಿ ಹವಾ ಮೊಣಕಾಲ ಕೆಳಗಿನ ಪಟ್ಟಿಯನ್ನು ಮೂರನೆಯ ಸಲ ಎಳೆದು ಕೈಬಿಟ್ಟಳು.

"ನಲವತ್ತು ವರ್ಷದಿಂದ ಹೆಣ ತೊಳೀತಿದ್ದೀನಿ. ಕಾಲು ಬಿಚ್ಚೋದು ಯಾರೂ ಹೇಳಿಕೊಟ್ಟಿಲ್ಲ ಕಣೆ."

"ಸ್ವಲ್ಪ ಆ ಕಡೆ ಸರಿಯಿರಿ ಅಜ್ಜಿ." ಜರ್ಲಷ್ಟ್ ಮಂಡಿಯೂರಿ ಗುಂಡಿಯನ್ನು ಒತ್ತಿ ತಿರುಗಿಸಿದಳು. ಸೋದರತ್ತೆ ಶಿರೀನ್‌ತಾಜಳ ಕೃತಕ ಕಾಲು ಕಳಚಿ ಅವಳ ಮಡಿಲಿಗೆ ಬಂತು. ಮೊಂಡುಗಾಲನ್ನು ಕೂರಿಸುವ, ಸೀಳಿಹೋಗಿದ್ದ ಬಟ್ಟಲಿಗೆ ಸುತ್ತಲೂ ತಂತಿ ಬಿಗಿದಿತ್ತು. ಒಳಗೆ ಚಿಂದಿ, ಉಣ್ಣೆ, ಮತ್ತೆ ಚಿಂದಿ. ವಾಸನೆಗೆ ಬಾಗಿಲ ಬಳಿ ಇದ್ದ ಹೆಂಗಸರು ಮೂಗು ಮುಚ್ಚಿಕೊಂಡರು.

"ಇಷ್ಟು ಕೊಳೆಯೋವರೆಗೂ ಸುಮ್ಮನಿದ್ದಳಾ?" ಹವಾ ಕೇಳಿದಳು.

"ಸುಮ್ಮನಿರಲಿಲ್ಲ. ಕೇಳೋರಿರಲಿಲ್ಲ."

ಹೊರಗಿನಿಂದ ಜರ್ಲಷ್ಟಳ ತಂದೆ ನಾದಿರ್ ಕೂಗಿದ: "ಕಾಲು ಕಫನ್ ಬಟ್ಟೆ ಒಳಗೆ ಇಡಬೇಡಿ! ಮುಲ್ಲಾನ್ನ ಕೇಳಿಬಿಟ್ಟಿದ್ದೀನಿ!"

"ಅದಕ್ಕಾದರೂ ಕೇಳೋಕೆ ಹೋದನಲ್ಲ," ಅಂದಳು ಹವಾ.

*

ಶಿರೀನ್‌ತಾಜ್ ಹತ್ತೊಂಬತ್ತರಲ್ಲಿ ಸೌದೆ ತರಲು ಹೋಗಿ ನೆಲಬಾಂಬಿಗೆ ಕಾಲು ಕೊಟ್ಟಿದ್ದಳು. ಆಮೇಲೆ ಕಾಬೂಲಿನ ಕೃತಕ ಕಾಲುಗಳ ಕೇಂದ್ರದಲ್ಲಿ ಹದಿನೈದು ವರ್ಷ ಕೆಲಸ ಮಾಡಿ, ಬೇರೆ ಹೆಂಗಸರ ಕಾಲುಗಳಿಗೆ ಅಚ್ಚು ತೆಗೆದಳು. ಆಡಳಿತ ಬದಲಾಗಿ ಹೆಂಗಸರು ಒಂಟಿಯಾಗಿ ಓಡಾಡದಂತಾದ ಮೇಲೆ ಅಣ್ಣ ನಾದಿರನೇ ಹೋಗಿ ಮನೆಗೆ ಕರೆತಂದ. ಬಟ್ಟಲು ಬಿರುಕುಬಿಟ್ಟಾಗ ಅವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು.

"ಅರ್ಧ ದಿನದ ಕೆಲಸ ಅಣ್ಣಾ. ಹೊಸ ಬಟ್ಟಲು ಕೂರಿಸಿದರೆ ಮುಗೀತು. ವಾರಕ್ಕೆರಡು ಸಲ ನಿನ್ನ ವ್ಯಾನು ಅಲ್ಲಿಗೇ ಹೋಗತ್ತೆ."

"ಎಲ್ಲಿ ಕೂರಿಸಲಿ? ಮುಂದಿನ ಸೀಟಲ್ಲಿ ಹೆಂಗಸು ಕೂರಬಾರದು. ಹಿಂದೆ ಹನ್ನೆರಡು ಗಂಡಸರು. ಮುಂದಿನ ವಾರ ನೋಡೋಣ."

ಮುಂದಿನ ವಾರ ಏಳು ತಿಂಗಳಾಯಿತು. ಕೊನೆಗೆ ಅವಳ ಅಕ್ಕನ ಗಂಡ ರಹೀಮ್ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೊರಟ. ಭಾವ ಮಹ್ರಮ್ ಅಲ್ಲ. ಅಪ್ಪ, ಅಣ್ಣ, ಮಗನಂಥ ರಕ್ತಸಂಬಂಧಿ ಇಲ್ಲದೆ ಹೆಂಗಸು ದಾರಿಯ ತಪಾಸಣೆ ಗೇಟು ದಾಟುವಂತಿಲ್ಲ. ದಾರಿಯುದ್ದಕ್ಕೂ ಶಿರೀನ್‌ತಾಜ್ ಅವನಿಗೆ ಪಾಠ ಹೇಳಿಕೊಟ್ಟಳು: "ಅಣ್ಣ ಅನ್ನು. ನನ್ನ ತಂಗಿ ಅನ್ನು."

ಗೇಟಿನಲ್ಲಿ ಕಾವಲುಗಾರ ಕೇಳಿದ. ರಹೀಮ್ ತಡವರಿಸದೆ "ತಂಗಿ" ಅಂದ. ಕಾವಲುಗಾರ ಹೋಗಿ ಅಂತ ಕೈಯಾಡಿಸಿದ. ಕಾರು ಕುಲುಕಿದಾಗ ಅವಳು ನರಳಿದಳು. ಇಪ್ಪತ್ತೈದು ವರ್ಷದ ರೂಢಿ ಅವನ ಬಾಯಿಂದ ಹಾರಿತು: "ಹುಷಾರು ನಾದಿನೀ, ಕಾಲು!"

"ನಿಲ್ಲಿಸು," ಅಂದ ಕಾವಲುಗಾರ. "ತಂಗಿ ಯಾವಾಗ ನಾದಿನಿ ಆದಳು?"

ರಹೀಮನ ಬೆನ್ನಿಗೆ ನಾಲ್ಕು ಏಟು ಬಿತ್ತು. ಕಾರು ವಾಪಸು ತಿರುಗಿತು. ದಾರಿಯಲ್ಲಿ ಅವನು ಅತ್ತ. "ಅಳಬೇಡ ಭಾವ," ಅಂದಳು ಅವಳು, "ಈಗ ನಾದಿನಿ ಅಂತ ಕರೆದರೆ ಯಾರೂ ಹೊಡೆಯಲ್ಲ."

ಅದಾಗಿ ಎರಡು ತಿಂಗಳಿಗೆ, ಒಡೆದ ಬಟ್ಟಲು ಉಜ್ಜಿ ಆದ ಹುಣ್ಣಿನ ನಂಜು ರಕ್ತಕ್ಕೇರಿತು.

*

ಗೋರಿಯ ಬಳಿ ಮುಲ್ಲಾ ಗಂಟಲು ಸರಿಮಾಡಿಕೊಂಡ. "ಹೆಣ್ಣಿನ ದೇಹ. ಮಹ್ರಮ್‌ಗಳು ಮಾತ್ರ ಮುಂದೆ ಬನ್ನಿ."

ನಾದಿರ್ ಬಂದ. ಅವನ ಇಬ್ಬರು ದೊಡ್ಡ ಗಂಡುಮಕ್ಕಳು ಬಂದರು. ಘಜ್ನಿಯಿಂದ ಸೋದರಮಾವ ಬಂದಿದ್ದ. ಅಕ್ಕನ ಮಗನೂ ಅಂಗಿಯ ತೋಳು ಮಡಚಿದ.

"ತಲೆ ಕಡೆ ನಾನು ಹಿಡೀತೀನಿ," ಅಂದ.

"ನೀನ್ಯಾಕೋ, ನಾನು ಅವಳ ಮಾವ!"

"ಅಷ್ಟು ಜನ ಬೇಡ, ಗುಂಡಿ ಚಿಕ್ಕದು," ಅಂದ ಮುಲ್ಲಾ.

ಹಗ್ಗ ಹಿಡಿಯಲು ರಹೀಮ್ ಬಗ್ಗಿದ. ನಾದಿರ್ ಅವನ ಭುಜ ಹಿಡಿದು ಹಿಂದೆ ಸರಿಸಿದ. "ನೀನು ಹೊರಗಿನವನು. ಆ ಕಡೆ ಮುಖ ಮಾಡಿ ನಿಲ್ಲು."

ರಹೀಮ್ ಬೆಟ್ಟದ ಕಡೆ ಮುಖ ಮಾಡಿ ನಿಂತ.

*

ಸಂಜೆ ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ನಾದಿರ್ ಗೋಡೆಗೆ ಒರಗಿಸಿದ್ದ ಕಾಲನ್ನು ಎತ್ತಿಕೊಂಡ.

"ನಾಳೆ ವ್ಯಾನಲ್ಲಿ ಆ ಕೇಂದ್ರಕ್ಕೆ ಕೊಟ್ಟು ಬರ್ತೀನಿ. ಬಡವರಿಗಾಗಲಿ. ಅವಳಿಗೆ ಪುಣ್ಯ."

"ಬಟ್ಟಲು ಒಡೆದಿದೆ," ಅಂದಳು ಜರ್ಲಷ್ಟ್.

"ಅವರು ಹೊಸದು ಹಾಕ್ತಾರೆ ಬಿಡು. ಅರ್ಧ ದಿನದ ಕೆಲಸ ಅಂತಿದ್ದಳಲ್ಲ."

ಅವಳು ಮಾಳಿಗೆ ಹತ್ತಿ ನೋಡಿದಳು. ಅಂಗಳದಲ್ಲಿ ಅಪ್ಪ ವ್ಯಾನಿನ ಬಾಗಿಲು ತೆರೆದ. ಹಿಂದೆ ಈರುಳ್ಳಿ ಮೂಟೆಗಳಿದ್ದವು. ಕಾಲನ್ನು ಅವನು ಮುಂದಿನ ಸೀಟಿನಲ್ಲಿ ನಿಲ್ಲಿಸಿದ. ಅದು ವಾಲಿತು. ಸರಿಯಾಗಿ ಕೂರಿಸಿ, ಬೆಲ್ಟು ಎಳೆದು ಬಿಗಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಏನೋ ನೆನಪಾದಂತೆ ಒಳಗೆ ಹೋಗಿ ತಂಗಿಯ ನೀಲಿ ಬುರ್ಖಾ ತಂದ. ಕಾಲಿಗಿದ್ದ ಹೆಂಗಸಿನ ಬೂಟು ಕಾಣದಂತೆ ಕೆಳಗಿನವರೆಗೂ ಹೊದಿಸಿದ.