ಎಡಗೈ ಮೊದಲು

ಮೇಜಿನ ಅಡಿಗೆ ಯಾರೋ ಅಂಟಿಸಿ ಹೋದ ಚೂಯಿಂಗ್ ಗಮ್, ಒಣಗಿ ಬೂದಿಬಣ್ಣಕ್ಕೆ ತಿರುಗಿದೆ, ನೆಲದ ಮೇಲೆ ಅಂಗಾತ ಬಿದ್ದವನಿಗಲ್ಲದೆ ಇನ್ಯಾರಿಗೆ ಕಾಣಬೇಕು ಇದು, ಅಕ್ಕನಿಗೆ ಹೀಗೆ ಎಷ್ಟು ಮೇಜುಗಳ ಹೊಟ್ಟೆ ಕಂಡಿದೆಯೋ, ಟೈಲ್ಸ್ ತಣ್ಣಗಿದೆ, ಬೆನ್ನಿಗೆ ಲೈಟಿನ ವೈರು ಒತ್ತುತ್ತಿದೆ, ರೆಡಿನಾ ಸರ್ ಎನ್ನುತ್ತಾನೆ ಕ್ಯಾಮೆರಾದವನು, ಬೀಳಲಿಕ್ಕೆ ನಾನು ಯಾವತ್ತೂ ರೆಡಿ — ಎರಡೇ ನಿಮಿಷದ ಚಿತ್ರ, ಫಿಟ್ಸ್ ಬಂದವರ ಪಕ್ಕದಲ್ಲಿದ್ದವರು ಏನು ಮಾಡಬೇಕು, ಏನು ಮಾಡಬಾರದು, ಹನ್ನೊಂದು ದೇಶಗಳ ಶಾಲೆಗಳಿಗೆ, ಬಸ್ ಡಿಪೋಗಳಿಗೆ ಹೋಗುತ್ತದಂತೆ, ಮೂರ್ಛೆರೋಗ ಇರುವವರೇ ದೇಶ ದೇಶಗಳಲ್ಲಿ ಸೇರಿ ಕಟ್ಟಿದ ಸಂಘದ್ದು, ಅವರ ನಿಯಮ ಒಂದು, ಆ ಕಾಯಿಲೆ ಇರುವವರೊಬ್ಬರು ಕೂತು ನೋಡಿ ಸಹಿ ಹಾಕದೆ ಯಾವ ಚಿತ್ರವೂ ಹೊರಗೆ ಹೋಗುವಂತಿಲ್ಲ, ಇಲ್ಲಿ ಆ ಸಹಿ ಅಕ್ಕನದು, ಅದೋ ಕುರ್ಚಿಯಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಫಾರಂ, ಕಿವಿಯ ಹಿಂದೆ ಪೆನ್ನು. ಕೈಕಾಲು ಬಡಿಯಬೇಕಿದ್ದ ನಟ ಕೈಕೊಟ್ಟ, ಮೊನ್ನೆ ಅಕ್ಕನ ಫೋನು, ನಿಂಗೆ ಮಾಡೋಕ್ಕೆ ಬರುತ್ತಲ್ಲೋ, ಬಾ. ಬರುತ್ತಲ್ಲೋ. ಇಪ್ಪತ್ತೆರಡು ವರ್ಷಗಳಲ್ಲಿ ಆ ವಿಷಯಕ್ಕೆ ಅವಳು ಅಷ್ಟು ಹತ್ತಿರ ಬಂದದ್ದು ಇದೇ ಮೊದಲು, ನಾನು ಬೇಗ ಬೇಗ ಹ್ಞೂಂ ಅಂದೆ, ಕ್ಷಮೆ ಕೇಳಲು ಒಂದು ನೆಪ ಸಿಕ್ಕಿತಲ್ಲ ಎಂದು.

ಕಾಲೇಜಿನಲ್ಲಿ ನನ್ನ ಹೆಸರು ಟೇಪು, ಯಾರ ದನಿಯಾದರೂ ಒಳಗೆ ಹಾಕಿಕೊಂಡು ಹೊರಗೆ ಬಿಡುತ್ತಿದ್ದೆ, ಲೈಬ್ರರಿಯವರ ಕೆಮ್ಮು, ಅಪ್ಪನ ಸೀನು, ಕಾಲೇಜ್ ಡೇ ದಿನ ಪ್ರಿನ್ಸಿಪಾಲರು ಮತ್ತು ಅವರ ಬಿಗಿ ಕೋಟು, ಮಹನೀಯರೇ, ಕೋಟು ಫಿಟ್ ಆಗ್ಲಿಲ್ಲ, ಫಿಟ್ಸೇ ಆಗ್ಹೋಯ್ತು, ಎಂದು ದಢಾರನೆ ಬಿದ್ದು, ಕೈ ಸೆಟೆದು, ಕತ್ತು ತಿರುಗಿ, ಹಲ್ಲು ಕಚ್ಚಿ — ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕನ ವಿಷ್ಯ ಹೊರಗೆ ಒಂದ್ ಮಾತೂ ಆಡ್ಬೇಡ ಕಣೋ, ಅವಳ ಬಾಳು ಏನಾಗ್ಬೇಕು, ಅಮ್ಮ ಎಷ್ಟು ಸಲ ಹೇಳಿದ್ದಳು, ಆಡಲಿಲ್ಲವಲ್ಲ ಅಮ್ಮ, ಆಡಲಿಲ್ಲ, ಆಡಿ ತೋರಿಸಿದೆ. ಅಕ್ಕ ಮೂರನೆಯ ಸಾಲಿನಲ್ಲಿದ್ದಳು, ಕೊನೆಯ ವರ್ಷದವಳು, ಎರಡೂ ಪಕ್ಕದಲ್ಲಿ ಗೆಳತಿಯರು ಕಣ್ಣೀರು ಬರುವಂತೆ ನಗುತ್ತಿದ್ದರು, ಅವಳು ಚಪ್ಪಾಳೆ ತಟ್ಟಿದಳು, ಹೊಡೆತ ಬಿದ್ದಂತೆ ಪಟಪಟ ತಟ್ಟಿದಳು, ಪರವಾಗಿಲ್ಲವೇ, ಅಕ್ಕನಿಗೂ ತಮಾಷೆ ಗೊತ್ತಾಗುತ್ತೆ ಎಂದುಕೊಂಡ ಗೂಬೆ ನಾನು, ತಟ್ಟದಿದ್ದರೆ ಪಕ್ಕದವಳು ತಿರುಗಿ ನೋಡುತ್ತಿದ್ದಳು, ಯಾಕೆ ಎನ್ನುತ್ತಿದ್ದಳು, ಅದಕ್ಕೇ ತಟ್ಟಿದ್ದು ಎಂದು ಹೊಳೆಯಲು ನನಗೆ ಎಷ್ಟು ವರ್ಷ ಬೇಕಾಯಿತು. ಸೋಮವಾರ ಅಕ್ಕ ಕಾಲೇಜಿಗೆ ಹೊರಡಲಿಲ್ಲ, ಓದು ತಲೆಗೆ ಹತ್ತಲ್ಲಮ್ಮ ಅಂದಳು, ಪರೀಕ್ಷೆಗೆ ಮೂರು ತಿಂಗಳಿತ್ತು, ಆಮೇಲೆ ಎಂಟು ವರ್ಷ ಮನೆಯ ಹಿಂದಿನ ಕೋಣೆಯೊಳಗೇ, ಕೊನೆಗೆ ಅವಳನ್ನು ಹೊರಗೆ ತಂದದ್ದು ನಾನಲ್ಲ, ಯಾವುದೋ ದೇಶದ ಒಬ್ಬ ಬೇಕರಿಯವಳು, ಅವಳಿಗೂ ಇದೇ ಕಾಯಿಲೆ, ಸಂಘದ ಮೂಲಕ ಕಾಗದ ಬರೆದಳು, ನಾನು ಒಲೆಯ ಮುಂದೆ ಒಬ್ಬಳೇ ನಿಲ್ಲೋದಿಲ್ಲ, ನೀನು ಏನೇನು ಬಿಟ್ಟಿದ್ದೀಯ ಎಂದು ಕೇಳಿದಳಂತೆ, ಅಕ್ಕ ನಾಲ್ಕು ಪುಟ ಉತ್ತರ ಬರೆದಳು, ಆ ನಾಲ್ಕು ಪುಟದಲ್ಲಿ ನಾನು ಎಷ್ಟು ಸಾಲು ಇದ್ದೆನೋ.

ಆಕ್ಷನ್, ಬಿದ್ದೆ, ಸೆಟೆದೆ, ನರ್ಸಮ್ಮ ಮಂಡಿಯೂರಿ ತಲೆಯ ಕೆಳಗೆ ಮಡಚಿದ ಸ್ವೆಟರ್ ಇಟ್ಟರು, ಗಡಿಯಾರ ನೋಡಿದರು, ಹಿಡಿದು ಅದುಮಬೇಡಿ, ಬಾಯಿಗೆ ಏನೂ ತುರುಕಬೇಡಿ, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ, ಆಗ ಅಕ್ಕ, ನಿಲ್ಸಿ, ಕೈ ತಪ್ಪು, ಎಡಗೈ ಮೊದಲು. ಯಾವ್ ಕೈ ಆದ್ರೇನ್ ಮೇಡಂ, ಒಬ್ಬೊಬ್ಬರಿಗೆ ಒಂದೊಂದ್ ಥರ ಅಂತ ನೀವೇ ಅಂದ್ರಲ್ಲ, ಕ್ಯಾಮೆರಾದವನು. ಹೌದು, ಆದ್ರೆ ಇವನು ಮಾಡ್ತಿರೋದು ನನ್ನದು, ನನ್ನದು ಎಡಗೈ. ಇಷ್ಟು ಜನರ ಮುಂದೆ, ನನ್ನದು, ಚಪ್ಪಲಿ ನನ್ನದು ಎಂದಷ್ಟು ಸಲೀಸಾಗಿ. ಅಯ್ಯೋ ನೀವು ತಮ್ಮ ಅಲ್ವಾ, ಗೊತ್ತಿರ್ಬೇಕಿತ್ತಲ್ಲ, ನರ್ಸಮ್ಮ ಹೇಳುತ್ತಾರೆ, ಗೊತ್ತಿತ್ತಮ್ಮ, ಎದುರಿನಿಂದ ಗೊತ್ತಿತ್ತು, ಕನ್ನಡಿಯ ಹಾಗೆ, ಅವಳ ಎಡಗೈ ನನ್ನ ಬಲಗಡೆ, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ, ಒಂದು ಸಲವಲ್ಲ, ಪ್ರತಿಸಲವೂ, ಅಮ್ಮ ಪಕ್ಕದಲ್ಲಿ ಕೂರುತ್ತಿದ್ದಳು, ನಾನು ಬಾಗಿಲು ಬಿಟ್ಟು ಕದಲಲಿಲ್ಲ, ಪಕ್ಕದಲ್ಲಿ ಒಂದೇ ಒಂದು ಸಲ ಕೂತಿದ್ದರೂ ಯಾವ ಕೈ ಎಂದು ತಿಳಿಯುತ್ತಿತ್ತು. ಅಕ್ಕ ಎದ್ದು ಬರುತ್ತಾಳೆ, ಮಂಡಿ ಲಟಕ್ಕೆನ್ನುತ್ತದೆ, ನನ್ನ ಎಡಗೈ ಎತ್ತಿಕೊಂಡು, ಹೀಗಲ್ಲ, ಹೆಬ್ಬೆರಳು ಒಳಗೆ, ಆಮೇಲೆ ಮುಷ್ಟಿ, ಅಕ್ಕಾ, ಆವತ್ತು ನಾನು — ಸರ್ ಮಾತಾಡ್ಬೇಡಿ, ನಿಮಗೆ ಪ್ರಜ್ಞೆ ಇಲ್ಲ, ಎನ್ನುತ್ತಾನೆ ಕ್ಯಾಮೆರಾದವನು, ಎಲ್ಲರೂ ನಗುತ್ತಾರೆ, ಅಕ್ಕ ನಗುವುದಿಲ್ಲ, ಈಗ ಬೇಡ, ಕೈ ಸರಿ ಮಾಡು, ಸಹಿ ಹಾಕ್ತೀನಿ. ಆಕ್ಷನ್. ಎಡಗೈ, ಹೆಬ್ಬೆರಳು ಒಳಗೆ, ಕತ್ತು ತಿರುಗುತ್ತದೆ, ಕಣ್ಣು ಮುಚ್ಚುವಂತಿಲ್ಲ, ಲೈಟಿನಾಚೆ ಏನೂ ಕಾಣದು, ಬರೀ ಆವತ್ತಿನ ಮೂರನೆಯ ಸಾಲು, ಗೆಳತಿಯರು ಕಣ್ಣೊರೆಸಿಕೊಂಡು ಆಯಿತು, ಸಭೆ ಸುಮ್ಮನಾಯಿತು, ಮೂರನೆಯ ಸಾಲಿನಲ್ಲಿ ಎರಡು ಅಂಗೈಗಳು ಇನ್ನೂ ತಟ್ಟುತ್ತಿವೆ, ಎಲ್ಲರೂ ನಿಲ್ಲಿಸಿದ ಮೇಲೂ, ಇನ್ನೂ, ಎರಡು ಅಂಗೈಗಳು —