ಲಾಂಡ್ರಿಯ ಪುಡಿ, ಚಿಕ್ಕಮ್ಮನ ಸಿಟ್ಟು

ಒಂದು ಬೀದಿಯಲ್ಲಿ ಒಂದು ಲಾಂಡ್ರಿ. ಮುಂದೆ ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಕೌಂಟರು, ಹಿಂದೆ ಒಗೆಯುವ ಯಂತ್ರಗಳು, ಮಹಡಿಯ ಮೇಲೆ ಮನೆ. ಅಪ್ಪ ಒಗೆಯುತ್ತಿದ್ದ, ಅಮ್ಮ ಇಸ್ತ್ರಿ ಮಾಡುತ್ತಿದ್ದಳು, ಮಗಳು ಕಾಲೇಜಿನ ಕೊನೆಯ ವರ್ಷ ಓದುತ್ತಿದ್ದಳು. ಬೀದಿಯ ಕೊನೆಯಲ್ಲಿದ್ದ ನರ್ಸಿಂಗ್ ಹೋಮಿನ ಹಾಸಿಗೆ ಹೊದಿಕೆಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಆ ಮನೆ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಆ ಹೊದಿಕೆಗಳಿಂದಲೇ.

ಕಾಲೇಜಿನಲ್ಲಿ ಎಲ್ಲರೂ ಒಂದು ಸಂಶೋಧನಾ ಪ್ರಾಜೆಕ್ಟ್ ಮಾಡಬೇಕಿತ್ತು. ಮಗಳು ಆರಿಸಿಕೊಂಡ ವಿಷಯ ಮಾಹಿತಿ ಸಮರ. ಊಟಕ್ಕೆ ಕೂತಾಗ ಅದನ್ನು ಹೇಳಿದಳು. ಅಮ್ಮ ಮೂಗು ಮುರಿದಳು.

"ಸಮರ ಅಂದ್ರೆ ಯುದ್ಧ ತಾನೆ? ಅದು ಸೈನಿಕರ ಕೆಲಸ, ನಿನಗ್ಯಾಕೆ? ನೀರು ಉಳಿಸೋದು ಹೇಗೆ ಅಂತ ಮಾಡು. ನಮ್ಮ ಅಂಗಡಿಗಾದ್ರೂ ಉಪಯೋಗಕ್ಕೆ ಬರುತ್ತೆ."

"ಅಮ್ಮ, ಇದು ಬಂದೂಕಿನ ಯುದ್ಧ ಅಲ್ಲ. ಬೇಕು ಅಂತಲೇ ಸುಳ್ಳು ಹಬ್ಬಿಸೋದು. ಜನಕ್ಕೆ ಯಾರ ಮೇಲೂ ನಂಬಿಕೆ ಇಲ್ಲದ ಹಾಗೆ ಮಾಡೋದು. ಅಕ್ಕಪಕ್ಕದವರೇ ಕಚ್ಚಾಡೋ ಹಾಗೆ ಮಾಡೋದು. ಒಂದು ದೇಶ ಇನ್ನೊಂದು ದೇಶದ ಮೇಲೆ ಇದನ್ನ ಮಾಡುತ್ತೆ."

"ನಮ್ಮ ಅಂಗಡಿಗೆ ಯಾವ ದೇಶ ಬರುತ್ತೆ ಹೇಳು? ಬಂದ್ರೆ ಅದೂ ಬಟ್ಟೆ ಕೊಟ್ಟು ಚೀಟಿ ತಗೊಂಡು ಹೋಗಲಿ."

ಅಪ್ಪ ನಕ್ಕ. "ಅವಳ ಪಾಡಿಗೆ ಓದ್ಲಿ ಬಿಡೆ."

ಕಾಲೇಜಿನ ಗೈಡ್ ಮೇಡಂ ಮಾತ್ರ ನಗಲಿಲ್ಲ. "ಒಳ್ಳೆ ವಿಷಯ. ಆದ್ರೆ ದೇಶ ದೇಶಗಳ ಕಥೆ ಒಂದು ಪ್ರಾಜೆಕ್ಟಿಗೆ ಹಿಡಿಸೋದಿಲ್ಲ. ನೀನು ತಿಳ್ಕೋಬೇಕಾದ ಒಂದೇ ಒಂದು ಪ್ರಶ್ನೆ ಯಾವುದು? ಯಾರನ್ನ ಕೇಳ್ತೀಯ? ಅದರಿಂದ ಯಾರಿಗಾದ್ರೂ ತೊಂದರೆ ಆಗುತ್ತಾ? ಇಷ್ಟನ್ನ ಬರ್ಕೊಂಡು ಬಾ. ನಾನು ಓದಿ ಹೂಂ ಅನ್ನೋವರೆಗೆ ಏನೂ ಶುರು ಮಾಡ್ಬೇಡ," ಎಂದರು.

ಹುಡುಗಿ ಬುದ್ಧಿವಂತೆ. ಅವಳಿಗೆ ಒಂದು ಉಪಾಯ ಹೊಳೆಯಿತು. ತಾನೇ ಒಂದು ಸುಳ್ಳು ಸಂದೇಶ ಬರೆದು ಬಿಡುವುದು, ಅದು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನೋಡುವುದು. ಯಾರ ಬಗ್ಗೆ ಬರೆಯುವುದು? ಬೇರೆಯವರ ಬಗ್ಗೆ ಬರೆದರೆ ತಪ್ಪು. ನಮ್ಮ ಅಂಗಡಿಯ ಬಗ್ಗೆಯೇ ಬರೆದರೆ ಯಾರು ಕೇಳುತ್ತಾರೆ? ಅಪ್ಪನಿಗೆ ಆಮೇಲೆ ಹೇಳಿದರಾಯಿತು. ಹೀಗೆ ಇಡೀ ಮನೆಯ ಪರವಾಗಿ ತನಗೆ ತಾನೇ ಒಪ್ಪಿಗೆ ಕೊಟ್ಟುಕೊಂಡು, ಮೇಡಂಗೆ ತೋರಿಸುವ ಯೋಜನೆಯಲ್ಲಿ ಮಾದರಿಯಾಗಿ ಹಾಕಲು ಇದನ್ನು ಬರೆದಳು:

"ಎಚ್ಚರ! ನರ್ಸಿಂಗ್ ಹೋಮ್ ಬೀದಿಯ ಲಾಂಡ್ರಿಯಲ್ಲಿ ಹೊಸ ಪುಡಿ ಬಳಸುತ್ತಿದ್ದಾರೆ. ಆ ಬಟ್ಟೆ ತೊಟ್ಟವರ ಮೈ ತುಂಬ ಬೊಬ್ಬೆ ಏಳುತ್ತಿದೆ. ಗೊತ್ತಿರುವ ಡಾಕ್ಟರೇ ಹೇಳಿದ್ದು. ಎಲ್ಲರಿಗೂ ತಿಳಿಸಿ."

ಓದಿದರೆ ನಿಜ ಅನ್ನಿಸುತ್ತದೆಯೇ ಎಂದು ತಿಳಿಯಲು ಅದನ್ನು ಚಿಕ್ಕಮ್ಮನಿಗೆ ಕಳಿಸಿದಳು. "ಇದು ನಾನೇ ಬರೆದದ್ದು, ಪ್ರಾಜೆಕ್ಟಿಗೆ" ಎಂದು ಮುಂದಿನ ಸಾಲು ಬರೆಯಬೇಕು ಅನ್ನುವಷ್ಟರಲ್ಲಿ ಕೆಳಗಿನಿಂದ ಅಮ್ಮ ಕೂಗಿದಳು. ದೊಡ್ಡ ಹೊದಿಕೆ ಮಡಿಸಲು ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು. ಹುಡುಗಿ ಫೋನನ್ನು ಮಂಚದ ಮೇಲೆ ಎಸೆದು ಕೆಳಗಿಳಿದಳು. ಅಂದು ರಾಶಿ ಹೊದಿಕೆ ಇತ್ತು. ಮುಂದಿನ ಸಾಲು ಮರೆತೇಹೋಯಿತು.

ಚಿಕ್ಕಮ್ಮ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಅಕ್ಕನ ಮನೆಯವರೆಂದರೆ ಅವಳಿಗೆ ಪ್ರಾಣ. ಸಂದೇಶ ಓದಿದ್ದೇ ರಕ್ತ ಕುದಿಯಿತು. ತನಗೆ ಗೊತ್ತಿರುವ ಎಲ್ಲ ಗುಂಪುಗಳಿಗೂ ಅದನ್ನು ದಾಟಿಸಿ, ಅದರ ಕೆಳಗೆ ಬರೆದಳು: "ನಮ್ಮ ಭಾವನ ಅಂಗಡಿ ಬಗ್ಗೆ ಯಾರೋ ಎಂಥ ಸುಳ್ಳು ಹಬ್ಬಿಸ್ತಿದ್ದಾರೆ ನೋಡಿ! ಯಾರೂ ನಂಬಬೇಡಿ!"

ಮರುದಿನ ಬೆಳಿಗ್ಗೆ ನರ್ಸಿಂಗ್ ಹೋಮಿನ ಗಾಡಿ ಬರಲಿಲ್ಲ. ಅಪ್ಪ ಬಾಗಿಲಿಗೂ ಯಂತ್ರಕ್ಕೂ ಓಡಾಡಿದ. ಕೊನೆಗೆ ಅಲ್ಲಿಂದ ಫೋನ್ ಬಂತು. "ಸ್ವಲ್ಪ ದಿನ ಬೇಡ. ರೋಗಿಗಳ ವಿಷಯ ನೋಡಿ, ತಪ್ಪು ತಿಳ್ಕೋಬೇಡಿ." ಯಾಕೆ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟರು.

ಪಕ್ಕದ ಸಲೂನಿನವನು ತನ್ನ ಟವೆಲ್ ಕೇಳಿಕೊಂಡು ಬಂದ.

"ಇನ್ನೂ ಒಣಗಿಲ್ವಲ್ಲ," ಎಂದಳು ಅಮ್ಮ.

"ಒದ್ದೆ ಇದ್ರೂ ಪರವಾಗಿಲ್ಲ, ಕೊಟ್ಬಿಡಿ ಅಕ್ಕ."

ಒದ್ದೆ ಟವೆಲ್ ವಾಪಸ್ ಕೇಳುವ ಗಿರಾಕಿಯನ್ನು ಆ ಅಂಗಡಿ ಅದುವರೆಗೆ ಕಂಡಿರಲಿಲ್ಲ. ಅಪ್ಪ ಗಟ್ಟಿಸಿ ಕೇಳಿದಾಗ ಅವನು ತಲೆ ತಗ್ಗಿಸಿ ಫೋನ್ ತೋರಿಸಿದ. ಸಂದೇಶ ಇತ್ತು. ಚಿಕ್ಕಮ್ಮನ ಸಿಟ್ಟಿನ ಸಾಲು ಇರಲಿಲ್ಲ.

ಅಪ್ಪ ಪುಡಿಯ ಡಬ್ಬಿಗೆ ಕೈ ಹಾಕಿ, ಮೊಣಕೈವರೆಗೂ ಪುಡಿ ಉಜ್ಜಿಕೊಂಡ. "ನೋಡಪ್ಪ, ನೋಡು. ಇದೇ ಪುಡಿ. ನೀನು ಅಂಗಡಿ ಇಟ್ಟ ದಿನದಿಂದ ನಿನ್ನ ಟವೆಲ್ ಇದರಲ್ಲೇ ಒಗೆದಿದ್ದು. ಎಲ್ಲಿದೆ ಬೊಬ್ಬೆ?" ಗಂಡ ಹೀಗೆ ಕೈ ಚಾಚಿ ನಿಂತದ್ದನ್ನು ನೋಡಿ ಅಮ್ಮನಿಗೆ ಅಳು ಬಂತು.

ಅವಳ ಅಳು ಕಂಡು ಅಪ್ಪನಿಗೆ ಸಿಟ್ಟು ಬಂತು. "ಇದು ಪಕ್ಕದ ಬೀದಿಯಲ್ಲಿ ಹೊಸದಾಗಿ ಲಾಂಡ್ರಿ ಇಟ್ಟಿದ್ದಾನಲ್ಲ, ಅವನದ್ದೇ ಕೆಲಸ," ಎಂದ ಅಪ್ಪ. "ನಮ್ಮ ಹೊಟ್ಟೆ ಮೇಲೆ ಹೊಡೆದು ತಾನು ಬದುಕ್ತಾನಂತಾ? ಈಗಲೇ ವಿಚಾರಿಸ್ತೀನಿ." ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಮಗಳು ಓಡಿ ಬಾಗಿಲಿಗೆ ಅಡ್ಡ ನಿಂತಳು. "ಹೋಗ್ಬೇಡಪ್ಪ. ಅದನ್ನ ಬರೆದಿದ್ದು ನಾನು."

ಅವಳು ಎಲ್ಲವನ್ನೂ ಹೇಳಿದಳು. ಅಪ್ಪ ಬೈಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ತೊಳೆದುಕೊಂಡ. ಬೈದಿದ್ದರೇ ವಾಸಿ ಅನ್ನಿಸಿತು ಹುಡುಗಿಗೆ.

ಸಂಜೆ ಗೈಡ್ ಮೇಡಂ ಬಂದರು, ಹುಡುಗಿಯೇ ಫೋನ್ ಮಾಡಿ ಕರೆಸಿದ್ದಳು. ಚಿಕ್ಕಮ್ಮನೂ ಏದುಸಿರು ಬಿಡುತ್ತ ಬಂದಳು. ಇಸ್ತ್ರಿ ಮೇಜಿನ ಸುತ್ತ ಎಲ್ಲರೂ ಕೂತರು.

"ನಾನು ನಂಬಬೇಡಿ ಅಂತಲೇ ಹಾಕಿದ್ದು ಮೇಡಂ! ಆಣೆ ಮಾಡಿ ಹೇಳ್ತೀನಿ," ಎಂದಳು ಚಿಕ್ಕಮ್ಮ.

"ಗೊತ್ತು. ಆದ್ರೆ ಸುಳ್ಳು ಒಂದು ಮೆಸೇಜು, ನಿಮ್ಮ ಸಿಟ್ಟು ಇನ್ನೊಂದು ಮೆಸೇಜು. ಮುಂದಿನವರು ನಿಮ್ಮ ಸಿಟ್ಟನ್ನ ಅಲ್ಲೇ ಬಿಟ್ಟು ಸುಳ್ಳನ್ನ ಮಾತ್ರ ದಾಟಿಸಿದ್ರು. ಮಾಹಿತಿ ಸಮರ ಮಾಡೋರು ಕಾಯ್ತಾ ಇರೋದು ಇದಕ್ಕೇ. ಅವರು ಒಂದು ಸಲ ಬರೆದು ಸುಮ್ಮನಿರ್ತಾರೆ. ಹೊತ್ತುಕೊಂಡು ತಿರುಗೋದು ನಾವು. ನಂಬಿದವರೂ ಹೊರ್ತಾರೆ, ಸಿಟ್ಟಾದವರೂ ಹೊರ್ತಾರೆ."

"ಹಾಗಾದ್ರೆ ಸುಳ್ಳನ್ನ ಸುಳ್ಳು ಅನ್ನೋದೂ ತಪ್ಪಾ?" ಅಮ್ಮ ಕೇಳಿದಳು. "ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋಬೇಕಾ?"

"ಖಂಡಿತ ಬೇಡ. ಹೇಳಿ, ಆದ್ರೆ ನಿಜದಿಂದ ಶುರು ಮಾಡಿ. ಸುಳ್ಳಿನ ಮೆಸೇಜನ್ನ ಇದ್ದ ಹಾಗೇ ದಾಟಿಸಬೇಡಿ. ಕಳಿಸಿದವರನ್ನ ಕೇಳಿ, ನಿಮಗೆ ಯಾರು ಕಳಿಸಿದ್ದು? ಯಾವ ಡಾಕ್ಟರು? ಎಲ್ಲಿಯವರು? ಗೊತ್ತಿಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ. ಯಾರ ಬಗ್ಗೆ ಬಂದಿದೆಯೋ ಅವರಿಗೆ ಮಾತ್ರ ಫೋನ್ ಮಾಡಿ ತಿಳಿಸಿ."

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅಕ್ಕನಿಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತು."

ಮೇಡಂ ಹುಡುಗಿಯ ಕಡೆ ತಿರುಗಿದರು. "ನಿನ್ನ ಯೋಜನೇನ ನಾನು ಓದಿದ್ರೆ ಮೊದಲ ಪುಟಕ್ಕೇ ಬೇಡ ಅಂತಿದ್ದೆ. ಅಪ್ಪನ್ನ ಕೇಳಿದ್ಯಾ?"

"ನಮ್ಮದೇ ಅಂಗಡಿ ಅಂತ..."

"ಅಂಗಡಿ ನಿನ್ನ ಅಪ್ಪ ಅಮ್ಮನ ದುಡಿಮೆ. ಮೋಸಹೋಗೋ ಜನರನ್ನಂತೂ ನೀನು ಕೇಳಲೇ ಇಲ್ಲ. ಸುಳ್ಳಿನ ಬಗ್ಗೆ ಕಲಿಯೋಕೆ ಹೊಸ ಸುಳ್ಳು ಹುಟ್ಟಿಸಬೇಕಾಗಿಲ್ಲ. ಆಗಲೇ ಹುಟ್ಟಿರೋದು ಬೇಕಾದಷ್ಟಿದೆ."

ಹುಡುಗಿ ಅಲ್ಲೇ ಕೂತು ಬರೆದಳು. "ನರ್ಸಿಂಗ್ ಹೋಮ್ ಬೀದಿಯ ನಮ್ಮ ಲಾಂಡ್ರಿಯಲ್ಲಿ ಬಳಸುವುದು ಮೊದಲಿನಿಂದ ಇದ್ದ ಪುಡಿಯನ್ನೇ. ಯಾರಿಗೂ ಏನೂ ಆಗಿಲ್ಲ. ಬೇರೆ ರೀತಿಯ ಸಂದೇಶ ಬಂದಿದ್ದರೆ ಅದನ್ನು ಬರೆದವಳು ನಾನು, ಈ ಮನೆಯ ಮಗಳು. ಕಾಲೇಜಿನ ಕೆಲಸಕ್ಕೆಂದು ಬರೆದ ಸುಳ್ಳು ಅದು. ಕ್ಷಮಿಸಿ. ಅನುಮಾನ ಇದ್ದವರು ಅಂಗಡಿಗೆ ಬಂದು ನೋಡಿ." ಚಿಕ್ಕಮ್ಮ ಅದನ್ನು ತಾನು ಹಾಕಿದ್ದ ಕಡೆಗೆಲ್ಲ ಹಾಕಿದಳು. ಮರುದಿನ ಮಗಳು ಅಪ್ಪನ ಜೊತೆ ನರ್ಸಿಂಗ್ ಹೋಮಿಗೆ ಹೋಗಿ, ಮ್ಯಾನೇಜರ್ ಮುಂದೆ ತಲೆ ತಗ್ಗಿಸಿ ನಿಂತು ಮತ್ತೆ ಹೇಳಿದಳು. ಅಲ್ಲಿಯವರು ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಪರೀಕ್ಷೆಯಲ್ಲಿ ಏನೂ ದೋಷ ಕಾಣಲಿಲ್ಲ. ಕೆಲವು ವಾರಗಳ ಮೇಲೆ ಹೊದಿಕೆಗಳು ಮತ್ತೆ ಬಂದವು, ಮೊದಲಿನ ಅರ್ಧದಷ್ಟು. ಉಳಿದರ್ಧ ಅಷ್ಟರಲ್ಲಿ ಬೇರೆ ಕಡೆಗೆ ಒಪ್ಪಿಸಿಯಾಗಿತ್ತು.

ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ ಒಂದು ದಿನ ಅಪರಿಚಿತ ಹೆಂಗಸೊಬ್ಬಳು ಮಗುವಿನ ಕೈ ಹಿಡಿದು ಕೌಂಟರಿನ ಮುಂದೆ ನಿಂತಳು. ಒಳಗೆ ಬರಲಿಲ್ಲ.

"ಮೈಗೆ ಬೊಬ್ಬೆ ಬರೋ ಲಾಂಡ್ರಿ ಇದೇನಾ?"

ಅಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಅದು ಸುಳ್ಳು ಅಂತ ಆಮೇಲೆ ಒಂದು ಮೆಸೇಜ್ ಬಂದಿತ್ತಲ್ಲ, ನೋಡ್ಲಿಲ್ವಾ?"

"ಇಲ್ವಲ್ಲ. ನಮ್ಮ ಕಡೆ ಎಲ್ಲರಿಗೂ ಮೊದಲನೇದು ಮಾತ್ರ ಬಂದಿದೆ," ಎಂದು ಹೇಳಿ ಅವಳು ಮಗುವನ್ನು ಎಳೆದುಕೊಂಡು ಹೋದಳು.

ಅಮ್ಮ ಕೌಂಟರಿನಿಂದ ಈಚೆ ಬಂದು, ಅವಳು ಯಾವ ಕಡೆ ತಿರುಗಿದಳು ಎಂದು ನೋಡಿದಳು. ಆಮೇಲೆ ಮಹಡಿಯ ಕಡೆಗೆ ಕೂಗಿದಳು. "ಬಾರೇ ಇಲ್ಲಿ! ನಿನ್ನ ಪ್ರಾಜೆಕ್ಟಿಗೆ ಒಂದೇ ಒಂದು ಪ್ರಶ್ನೆ ಬೇಕು ಅಂತಿದ್ಯಲ್ಲ. ಸುಳ್ಳು ತಲುಪಿದವರಲ್ಲಿ ಎಷ್ಟು ಜನಕ್ಕೆ ನಿಜ ತಲುಪಿದೆ? ಅದನ್ನ ಕೇಳು. ಮೊದಲು ಆ ಹೆಂಗಸು ಯಾವ ಕಡೆಯವಳು ಅಂತ ವಿಚಾರಿಸು. ಅವಳ ಬೀದಿಗೆ ನಾನೂ ಬರ್ತೀನಿ."

ಮೇಡಂ ಈ ಯೋಜನೆಗೆ ಹೂಂ ಅಂದರು. ಮೊದಲು ಒಪ್ಪಿಗೆ ಕೇಳಬೇಕು, ಯಾರ ಹೆಸರನ್ನೂ ಬರೆಯಬಾರದು, ಬೇಡ ಅಂದವರನ್ನು ಬಿಟ್ಟುಬಿಡಬೇಕು ಎಂಬ ಷರತ್ತುಗಳ ಮೇಲೆ. ಈಗ ತಾಯಿ ಮಗಳು ಮನೆ ಮನೆಗೆ ಹೋಗುತ್ತಿದ್ದಾರೆ. ಕೆಲವರು ಕೂರಿಸಿ ಮಾತನಾಡುತ್ತಾರೆ, ಕೆಲವರು ಲಾಂಡ್ರಿಯವರು ಎಂದು ತಿಳಿದೊಡನೆ ಬಾಗಿಲು ಹಾಕುತ್ತಾರೆ. ಬಾಗಿಲು ಹಾಕಿದವರು ಸಂಶೋಧನೆಗೆ ಸಿಗುವುದಿಲ್ಲ. ಅವರಿಗೆ ನಿಜವೂ ತಲುಪುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿನಲ್ಲೂ ಯಾರದೋ ಅಂಗಡಿ, ಯಾರದೋ ಬೀದಿ, ಯಾರದೋ ಜನರ ಬಗ್ಗೆ ಇಂಥ ಸಂದೇಶ ಬರುತ್ತದೆ. ನಂಬಿದರೂ ದಾಟಿಸಬೇಡಿ, ಸಿಟ್ಟು ಬಂದರೂ ದಾಟಿಸಬೇಡಿ. ಎಲ್ಲಿಂದ ಬಂತು ಎಂದು ಮೊದಲು ಕೇಳಿ. ಈಗಾಗಲೇ ದಾಟಿಸಿದ್ದೀರಾ? ಹಾಗಾದರೆ ಎಲ್ಲೆಲ್ಲಿಗೆ ಕಳಿಸಿದಿರೋ ಅಲ್ಲಿಗೆಲ್ಲ ಇವತ್ತೇ ನಿಜ ಹೇಳಿ. ನೀವು ಕಳಿಸಿದ ಮನೆಗಳು ಯಾವುವು ಎಂಬುದು ನಿಮಗೊಬ್ಬರಿಗೇ ಗೊತ್ತು. ನಿಮ್ಮ ಬದಲು ಇನ್ಯಾರೂ ಅಲ್ಲಿಗೆ ಹೋಗಲಾರರು.