ಗಾಜಿನ ನಡುವಿನ ಪಟ್ಟಿ

ಚಿತ್ರದಲ್ಲಿ ಒಬ್ಬ ಹೆಂಗಸು ಕಾರಿಗೆ ಬಾಗಿ ಆರತಿ ಎತ್ತುತ್ತಿದ್ದಾಳೆ. ತಲೆಯ ಮೇಲಿನ ಸೆರಗು ಹಣೆಗೆ ಇಳಿದಿದೆ. ಅದರ ಕೆಳಗೆ ಉಳಿದ ಮುಖವನ್ನು ತಟ್ಟೆಯ ಬೆಳಕು ನುಂಗಿತೋ, ಇಷ್ಟು ವರ್ಷಗಳ ತೇವ ನುಂಗಿತೋ, ಅಲ್ಲೊಂದು ಬಿಳುಪು ಮಾತ್ರ ಇದೆ. ಕಾರಿಗೆ ಇಂಥ ಅನ್ಯಾಯವಾಗಿಲ್ಲ. ಅದರ ಬೆನ್ನಿನ ಬಾಗು, ಒಂದು ಕಡೆಯ ದೀಪ, ಬಾಗಿಲಿನ ಹಿಡಿ, ಎಲ್ಲವೂ ನಿನ್ನೆ ತೊಳೆದಿಟ್ಟಂತಿವೆ.

ನನ್ನ ಅಪ್ಪ ಶಹಾಬಾದಿನ ಫರಸಿ ಕಲ್ಲಿನ ಸಾವುಕಾರರೊಬ್ಬರ ಕಾರು ನಡೆಸುತ್ತಿದ್ದ. ದಸರೆಯ ಖಂಡೇಪೂಜೆಯ ದಿನ ಆ ಕಲ್ಲಿನಂಗಳದಲ್ಲಿ ಒಂದು ರೂಢಿ ಇತ್ತು: ಗಾಡಿ ಯಾರದೇ ಆಗಿರಲಿ, ಅದಕ್ಕೆ ಆರತಿ ಎತ್ತಬೇಕಾದವಳು ಅದನ್ನು ನಡೆಸುವವನ ಹೆಂಡತಿ. ಆದ್ದರಿಂದ ಚಿತ್ರದ ಹೆಂಗಸು ಅಪ್ಪನ ಹೆಂಡತಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಯಾವ ಹೆಂಡತಿ ಎಂಬುದರಲ್ಲಿ.

ನನ್ನ ಅವ್ವ ಐವತ್ಮೂರನೇ ಇಸವಿಯಲ್ಲಿ ತೀರಿಕೊಂಡಳು. ನನಗಾಗ ಮಾತು ಬಂದಿರಲಿಲ್ಲ. ಮರುವರ್ಷ ಅಪ್ಪ ಅವಳ ತಂಗಿ ಅನಸುಬಾಯಿಯನ್ನು ಮಾಡಿಕೊಂಡ. ನಾನು ಕೊಡ್ಲಿಯಲ್ಲಿ ಅಜ್ಜಿಯ ಹತ್ತಿರ ಬೆಳೆದೆ. ಚಿಗವ್ವ ನನಗೆ ರಜೆಯಲ್ಲಿ ಕಾಣುವ ಮುಖವಾಗಿದ್ದಳು. ಅವ್ವ ಯಾವ ರಜೆಯಲ್ಲೂ ಕಾಣದ ಮುಖ. ಅವಳ ಒಂದು ಚಿತ್ರವೂ ಎಲ್ಲಿಯೂ ಇರಲಿಲ್ಲ. ಅಕ್ಕತಂಗಿಯರು ಒಂದೇ ಅಚ್ಚಿನವರೆಂದು ಅಜ್ಜಿ ಹೇಳುತ್ತಿದ್ದಳು, ಅಷ್ಟೆ.

ಈ ಚಿತ್ರ ಸಿಕ್ಕದ್ದು ಚಿಗವ್ವನ ಮಗಳು ದಾನಮ್ಮನಿಗೆ, ಅಪ್ಪನ ಹಿಂದೆ ಚಿಗವ್ವನೂ ತೀರಿಕೊಂಡ ಮೇಲೆ ಶಹಾಬಾದಿನ ಮನೆಯ ಟ್ರಂಕು ಖಾಲಿ ಮಾಡುವಾಗ. ಅವಳೇ ಅದನ್ನು ಚಿತ್ತಾಪುರಕ್ಕೆ ತಂದು ನನ್ನ ಮುಂದಿಟ್ಟಳು. ತನ್ನ ಅವ್ವನೋ ನನ್ನ ಅವ್ವನೋ ತನಗೂ ತಿಳಿಯುತ್ತಿಲ್ಲವೆಂದಳು. ಹೀಗೆ ಹೇಳಬಲ್ಲವಳು ದಾನಮ್ಮ ಮಾತ್ರ. ಬೇರೆ ಯಾರಾದರೂ ಆಗಿದ್ದರೆ ತಮ್ಮವಳೆಂದು ಕಟ್ಟು ಹಾಕಿಸಿ ಗೋಡೆಗೆ ಏರಿಸಿಬಿಡುತ್ತಿದ್ದರು.

ಹೆಂಗಸು ಯಾರೆಂದು ಹೇಳಲು ಉಳಿದಿದ್ದ ಸಾಕ್ಷಿ ಕಾರು ಒಂದೇ. ಅದು ಅವ್ವ ಸತ್ತ ಮೇಲೆ ಹುಟ್ಟಿದ ಕಾರಾಗಿದ್ದರೆ ಮಾತು ಮುಗಿಯಿತು. ಮೊದಲಿನದಾಗಿದ್ದರೆ ಈ ಬಿಳುಪಿನ ಹಿಂದೆ ನನ್ನ ಅವ್ವನಿದ್ದಾಳೆ. ಚಿತ್ತಾಪುರದ ಕೋರ್ಟಿನ ಮುಂದೆ ಒಬ್ಬರು ಇದು ಅಂಬಾಸಿಡರ್ ಎಂದರು. ಸೇಡಂನ ನನ್ನ ಬೀಗರು ಫಿಯೆಟ್ ಎಂದು ಆಣೆ ಇಟ್ಟರು. ವಾಡಿಯ ನಿವೃತ್ತ ಗಾರ್ಡ್ ಒಬ್ಬರು ಡಾಜ್ ಎಂದು ಹೇಳಿ, ಚಿತ್ರವನ್ನು ತಿರುಗಿಸಿ ನೋಡಿ, ಅಲ್ಲ ಎಂದರು. ಕೇಳಿದಷ್ಟೂ ಕಾರು ಕರಗಿ ಬೇರೆ ಬೇರೆ ಪಾತ್ರೆಗಳ ಆಕಾರ ತಾಳತೊಡಗಿತು. ಕೊನೆಗೆ ದಾನಮ್ಮ ನನ್ನನ್ನು ಶಹಾಬಾದಿಗೆ ಕರೆಸಿಕೊಂಡು, ಹಿಂದೆ ಗ್ಯಾರೇಜು ನಡೆಸುತ್ತಿದ್ದ ಬಂದೇಅಲಿಯವರ ಮನೆಗೆ ಕರೆದೊಯ್ದಳು.

ಬಂದೇಅಲಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಲ್ಯಾಂಡ್‌ಮಾಸ್ಟರ್ ಅದರಿ ಇದು. ಬೆನ್ನು ನೋಡ್ರಿ, ಭಾಳ ಚಂದ ಇಳದದ."

ಅದು ಯಾವ ವರ್ಷ ಬಂದದ್ದೆಂದು ಕೇಳಿದೆ. ಐವತ್ನಾಲ್ಕು ಎಂದರು. ಅವ್ವನಿಗೂ ಆ ಕಾರಿಗೂ ನಡುವೆ ಒಂದು ವರ್ಷದ ಗೋಡೆ ಎದ್ದು ನಿಂತಿತು. ನಾನು ಚಹಾದ ಬಟ್ಟಲು ಕೆಳಗಿಟ್ಟೆ.

ಅವರ ಸೊಸೆ ಜಬೀನಾ, ಶಾಲೆಯಲ್ಲಿ ಕಲಿಸುವವಳು, ಬಾಗಿಲಿಗೆ ಒರಗಿ ನಿಂತಿದ್ದಳು. "ಅಬ್ಬಾ, ಮೊನ್ನಿ ಬಜಾರದಾಗ ನಮ್ಮ ಸ್ಕೂಟಿ ಬಿಟ್ಟು ಮಂದಿ ಸ್ಕೂಟಿ ಮ್ಯಾಲ ಹೋಗಿ ಕುಂತಿದ್ರಿ. ಇದನ್ನರ ಸರಿ ನೋಡ್ರಿ."

"ಸ್ಕೂಟಿ ಗಾಡಿ ಏನವ್ವ? ಅದು ಚಪ್ಪಲ್," ಎಂದರು ಅವರು. ಆದರೂ ಮತ್ತೊಮ್ಮೆ ನೋಡಿದರು. ಇದಕ್ಕೂ ಹಿಂದಿನ ಹಿಂದೂಸ್ತಾನ್ ಫೋರ್ಟೀನ್ ಆಗಿರಲೂಬಹುದಂತೆ. ಅದರ ಮುಂದಿನ ಗಾಜು ಎರಡು ತುಂಡು, ನಡುವೆ ಒಂದು ಪಟ್ಟಿ. ಲ್ಯಾಂಡ್‌ಮಾಸ್ಟರಿನದು ಅಖಂಡ ಗಾಜು. ಮೂತಿ ಕಂಡಿದ್ದರೆ ಕ್ಷಣದಲ್ಲಿ ಹೇಳಬಹುದಿತ್ತು, ಆದರೆ ಮೂತಿಗೆ ಅಡ್ಡ ಆ ಹೆಂಗಸೇ ನಿಂತಿದ್ದಾಳೆ. ನಂಬರಿನ ಹಲಗೆಗೆ ವಿಭೂತಿ ಬಳಿದಿದ್ದಾರೆ. ಗಾಜಿನ ನಟ್ಟನಡುವೆ, ಪಟ್ಟಿ ಇರಬೇಕಾದಲ್ಲಿಯೇ, ಚೆಂಡುಹೂವಿನ ಮಾಲೆ ಇಳಿಬಿದ್ದಿದೆ.

ಜಬೀನಾ ಮೊಬೈಲಿನಲ್ಲಿ ಚಿತ್ರ ತೆಗೆದು ಗಾಜನ್ನು ಹಿಗ್ಗಿಸಿದಳು. ಹೂಗಳ ಸಂದಿಯಲ್ಲಿ ಒಂದು ಕರಿಗೆರೆ ಕಂಡಿತು. ಬಂದೇಅಲಿ ಅದನ್ನು ಪಟ್ಟಿ ಎಂದರು, ಆಮೇಲೆ ಮಾಲೆಯ ದಾರ ಎಂದರು, ಕನ್ನಡಕ ಒರೆಸಿಕೊಂಡು ಮತ್ತೆ ಪಟ್ಟಿ ಎಂದರು. ನಾನು ಉಸಿರನ್ನು ಅವರ ನಾಲಿಗೆಗೆ ಕಟ್ಟಿ ಕುಳಿತಿದ್ದೆ. ಗೆರೆ ಹೂವಿನ ಕೆಳಗೂ ಮುಂದುವರಿದು ನೇರ ಬಾನೆಟ್ಟಿಗೆ ಮುಟ್ಟುವುದನ್ನು ಅವರು ಬೆರಳಿಟ್ಟು ತೋರಿಸಿದರು.

"ದಾರ ಇಷ್ಟು ನೆಟ್ಟಗ ನಿಲ್ಲಂಗಿಲ್ಲರಿ. ಪಟ್ಟಿನೇ. ಫೋರ್ಟೀನ್ ಅದ."

ಆ ಹೊತ್ತು ನನಗೆ ಏನಾಯಿತೆಂದು ಬರೆಯಲಾರೆ. ಚಿತ್ರದ ಬಿಳುಪು ಮುಖವಾಗತೊಡಗಿತು. ಅದಕ್ಕೆ ನಾನು ಕಣ್ಣು ಕೊಟ್ಟೆ, ಕನ್ನಡಿಯಲ್ಲಿ ದಿನಾ ಕಾಣುವ ನನ್ನ ಗದ್ದವನ್ನೂ ಕೊಟ್ಟೆ. ದಾನಮ್ಮ ನನ್ನ ಮೊಳಕೈ ಹಿಡಿದು, ಹಾಗಾದರೆ ಚಿತ್ರ ನಿನ್ನದೇ ಅಣ್ಣ, ಎಂದಳು.

ಜಬೀನಾ ಕಾರನ್ನು ನೋಡುತ್ತಿರಲಿಲ್ಲ. ಅವಳು ಚಿತ್ರವನ್ನು ಸ್ವಲ್ಪ ಕೆಳಗೆ ಸರಿಸಿ ಹುಬ್ಬು ಗಂಟಿಕ್ಕಿದ್ದಳು.

"ಸರ್, ಈಕಿ ಬಗ್ಗ್ಯಾಳಲ್ಲ, ತಾಳಿ ಜೋಡಿ ಇನ್ನೊಂದು ಹೊರಗ ಜೋತುಬಿದ್ದದ. ಚೌಕ ಅದ. ಏನ್ರಿ ಅದು?"

ನನಗೆ ತಿಳಿಯಲಿಲ್ಲ. ಜಬೀನಾ ಮೊಬೈಲನ್ನು ದಾನಮ್ಮನಿಗೆ ಕೊಟ್ಟಳು. ದಾನಮ್ಮ ನೋಡಿದಳು, ನನ್ನ ಮೊಳಕೈ ಬಿಟ್ಟಳು, ಮಂಚದ ಅಂಚಿಗೆ ಕುಳಿತಳು.

ಅದು ಟಾಕು. ಸತ್ತ ಹೆಂಡತಿಯ ಜಾಗಕ್ಕೆ ಬಂದವಳು ಕೊರಳಲ್ಲಿ ಧರಿಸುವ ಬೆಳ್ಳಿಯ ತಗಡು. ಅದರ ಮೇಲೆ ಸತ್ತವಳ ಬೊಂಬೆ ಒತ್ತಿರುತ್ತದೆ. ಹೊಸ ಸೀರೆ ಉಡುವ ಮೊದಲು ಅದಕ್ಕೆ ಮುಟ್ಟಿಸಬೇಕು, ಹಬ್ಬದ ಹೋಳಿಗೆಯ ಮೊದಲ ಚೂರು ಅದಕ್ಕೆ ತಾಗಿಸಬೇಕು. ಗಂಡಸರ ಕಣ್ಣಿಗೆ ಬೀಳದಂತೆ ಕುಪ್ಪಸದೊಳಗೇ ಇಟ್ಟುಕೊಳ್ಳುತ್ತಾರೆ. ಇಷ್ಟನ್ನೂ ದಾನಮ್ಮ ಜಬೀನಾಳಿಗೆ ಹೇಳುವಂತೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈಕಿ ನನ್ನವ್ವ, ಅಣ್ಣ. ಟಾಕು ನಿಮ್ಮವ್ವ."

ತಪ್ಪು ಮಾಡಿದವಳಂತೆ ಅವಳ ದನಿ ಇಳಿದಿತ್ತು. ಬಂದೇಅಲಿಯವರಿಗೆ ಮಾತ್ರ ತಮ್ಮ ಗಾಡಿಗೆ ಅಪಮಾನವಾಯಿತೆಂದು ತೋರಿತು. ಹೆಂಗಸು ಯಾರೇ ಇರಲಿ, ಗಾಡಿ ಫೋರ್ಟೀನೇ, ಎಂದು ಎರಡು ಸಲ ಹೇಳಿದರು. ಅವರು ಸರಿಯಾಗಿಯೇ ಹೇಳಿದ್ದರು. ಹಳೆಯ ಕಾರು ಹೊಸ ವರ್ಷದಲ್ಲಿಯೂ ನಿಂತಿರಬಲ್ಲದು. ಪ್ರತಿ ಖಂಡೇಪೂಜೆಗೂ ಮಾಲೆ ಹಾಕಿಸಿಕೊಳ್ಳಬಲ್ಲದು. ಇಷ್ಟು ಊರು ತಿರುಗಿ ಇಷ್ಟು ಜನರನ್ನು ಕೇಳಿದ ನನಗೆ ಈ ಸರಳ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಆ ಟಾಕು ಈಗ ಎಲ್ಲಿದೆ ಎಂದು ಕೇಳಿದೆ. ಚಿಗವ್ವನ ಜೊತೆಗೇ ಮಣ್ಣಿಗೆ ಹೋಯಿತಂತೆ. ತೆಗೆದಿರಿಸಲು ಯಾರೋ ಹೇಳಿದರೂ ದಾನಮ್ಮ ಒಪ್ಪಲಿಲ್ಲವಂತೆ: ಬದುಕಿನುದ್ದ ಕೂಡಿದ್ದವರನ್ನು ಕೊನೆಗೆ ಬಿಡಿಸುವುದು ಬೇಡವೆನಿಸಿತು.

ಜಬೀನಾ ನಾನು ಕೇಳುವ ಮೊದಲೇ ಟಾಕನ್ನು ಹಿಗ್ಗಿಸಿದಳು. ಒಂದು ಗುಂಡು ತಲೆ, ಎರಡು ಕೈ, ಸೀರೆಯ ನಿರಿಗೆ ಇರಬಹುದಾದ ಕೆಲವು ಗೆರೆ. ಇದು ನನ್ನ ಅವ್ವನನ್ನು ಹೋಲುತ್ತಿತ್ತೇ ಎಂದು ಕೇಳುವಷ್ಟು ಮೂರ್ಖನಾದೆ. ಅಕ್ಕಸಾಲಿಗನ ಹತ್ತಿರ ಒಂದೇ ಅಚ್ಚು ಇರುತ್ತಿತ್ತೆಂದೂ, ಸತ್ತವರೆಲ್ಲರಿಗೂ ಅದೇ ಮುಖವೆಂದೂ ದಾನಮ್ಮ ಮೆಲ್ಲಗೆ ಹೇಳಿದಳು. ಹಾಗಾದರೆ ಇಲ್ಲಿ ಇರುವವಳು ಯಾರು? ಮುಖವಿದ್ದೂ ಅಳಿದುಹೋದ ಚಿಗವ್ವ. ಅವಳ ಕೊರಳಲ್ಲಿ, ತನ್ನದಲ್ಲದ ಮುಖ ತೊಟ್ಟ ನನ್ನ ಅವ್ವ. ಹೋಳಿಗೆಯ ಮೊದಲ ಚೂರು ತಲುಪಿದ್ದು ಯಾರಿಗೆ?

ದಾನಮ್ಮ ಟಾಕನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಟ್ಟಿದ್ದೇ ತಡ ಚಿತ್ರ ಜಾರಿತು. ಮೊಬೈಲಿನ ಗಾಜಿನ ತುಂಬ ಕಾರಿನ ದೀಪವೊಂದು ಬಂದು ಕೂತಿತು. ಅವಳು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡಳು.

ಜಬೀನಾ ಮೊಬೈಲು ಇಸಿದುಕೊಂಡು ನನ್ನ ಪಕ್ಕಕ್ಕೆ ಬಂದಳು.

"ಯಾವುದು ನಿಲ್ಲಸ್ಲಿ ಸರ್? ದೊಡ್ಡದು ಮಾಡಿದ್ರ ಟಾಕಷ್ಟೇ ಬರ್ತದ. ಸಣ್ಣದು ಮಾಡಿದ್ರ ಈಕಿ ಬರ್ತಾಳ, ಟಾಕು ಚುಕ್ಕಿ ಆಗ್ತದ."

ನಾನು ದಾನಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿದ್ದಳು. ಜಬೀನಾಳ ಎರಡು ಬೆರಳುಗಳು ಗಾಜಿನ ಮೇಲೆ, ಕೂಡಲೂ ಆಗದೆ ಅಗಲಲೂ ಆಗದೆ, ನಿಂತೇ ಇದ್ದವು.